ಅಮ್ಮನ ಹೆಬ್ಬೆರಳು ಮತ್ತು 60 ನಿಂಬೆಹಣ್ಣು

ಹೋದ ವರ್ಷ ರಾಮನವಮಿಯ ರಾತ್ರಿ ಅಮ್ಮ ಊಟಕ್ಕೆ ಕೂತು ಚಮಚ ಕೇಳಿದಳು. ಚಮಚದಲ್ಲಿ ಅನ್ನ ಉಣ್ಣುವುದು ಅಂದರೆ ಅವಳ ಪಾಲಿಗೆ ಆಸ್ಪತ್ರೆ ಸೇರಿದ ಹಾಗೆ. ಏನಾಯ್ತು ಅಂತ ಕೈ ನೋಡಿದೆ. ಬಲಗೈ ಹೆಬ್ಬೆರಳ ಬುಡ ಊದಿಕೊಂಡಿತ್ತು.

"ಏನಿಲ್ಲ ಮಗಾ, ನಿಂಬೆಹಣ್ಣು ಜಾಸ್ತಿ ಆಯ್ತು" ಅಂದಳು.

ನಮ್ಮದು ತಿಪಟೂರಿನ ಹತ್ತಿರದ ಊರು. ಬೀದಿ ಕೊನೆಯ ರಾಮಮಂದಿರಕ್ಕೆ ನವಮಿಯ ಪಾನಕ ಅಜ್ಜಿಯ ಕಾಲದಿಂದಲೂ ನಮ್ಮ ಮನೆಯಿಂದ ಹೋಗುತ್ತದೆ. ಬೆಲ್ಲ, ಏಲಕ್ಕಿ, ಮೆಣಸು, ಒಂದು ಚೂರು ಶುಂಠಿ, 60 ನಿಂಬೆಹಣ್ಣು. ಅಂದರೆ 120 ಹೋಳು. ಎಲ್ಲವನ್ನೂ ಅವಳೇ ಕೈಯಲ್ಲಿ ಹಿಂಡುತ್ತಾಳೆ. ಸೊಸೆಗೆ ಕೊಡಲ್ಲ, ನನಗಂತೂ ಕೊಡುವುದೇ ಇಲ್ಲ. ನಾನು ಹಿಂಡಿದ ಹೋಳನ್ನು ಮತ್ತೆ ಎತ್ತಿಕೊಂಡು ಅರ್ಧ ಚಮಚ ರಸ ತೆಗೆದು ತೋರಿಸಿದ್ದಾಳೆ.

ಡಾಕ್ಟರು ಎಕ್ಸ್‌ರೇ ನೋಡಿ ಹೆಬ್ಬೆರಳ ಬುಡದ ಕೀಲು ಸವೆದಿದೆ ಅಂದರು. ತಿರುಚುವ ಕೆಲಸ, ಚಿವುಟಿ ಹಿಡಿಯುವ ಕೆಲಸ ಕಡಿಮೆ ಮಾಡಿ ಅಂದರು. ಹೊರಗೆ ಬಂದ ಮೇಲೆ ಅಮ್ಮ, "ತಿರುಚದೆ, ಹಿಂಡದೆ ಅಡುಗೆಮನೇಲಿ ಇನ್ನೇನು ಕೆಲಸ ಇರುತ್ತೆ ಅಂತ ಅವರನ್ನೇ ಕೇಳಬೇಕಿತ್ತು" ಅಂದಳು.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುವವನು. ಮಿಷಿನ್ನಿನಲ್ಲಿ ಬಿಡಿಭಾಗ ಅಲುಗಾಡದ ಹಾಗೆ ಹಿಡಿದು ಕೂರಿಸುವ ಸಾಧನಗಳು ನನ್ನ ಕೆಲಸ. ನಿಂಬೆಹಣ್ಣು ಯಾವ ಲೆಕ್ಕ ಅಂದುಕೊಂಡೆ. ಆ ಲೆಕ್ಕ ಮುಗಿಯಲು ಹತ್ತು ತಿಂಗಳು ಹಿಡಿಯಿತು.

ಮೊದಲು ಅಂಗಡಿಯಲ್ಲಿ ಸಿಗುವುದನ್ನೆಲ್ಲ ತಂದೆ. ನಡುವೆ ಗೀರುಗೀರಾದ ಗೋಪುರ ಇರುವ ಗಾಜಿನ ತಟ್ಟೆ ಇದೆಯಲ್ಲ, ಹೋಳನ್ನು ಅದರ ಮೇಲಿಟ್ಟು ತಿರುಗಿಸುವುದು, ಅದು ಮೊದಲ ದಿನವೇ ಸೋತಿತು. ತಿರುಗಿಸುವುದೇ ಅವಳಿಗೆ ಆಗದ ಕೆಲಸ. ಅದು ಮೋಸಂಬಿ, ಕಿತ್ತಳೆಗೆ ಸರಿ. ನಮ್ಮ ನಿಂಬೆಹಣ್ಣಿನ ಹೋಳು ಅಂಗೈಯಲ್ಲಿ ಹಿಡಿಯೋಕೂ ಸಾಲದಷ್ಟು ಚಿಕ್ಕದು, ಬೆರಳ ತುದಿಯಲ್ಲೇ ಚಿವುಟಿ ಹಿಡಿಯಬೇಕು.

ಆಮೇಲೆ ಎರಡು ಹಿಡಿಯ ಅಲ್ಯೂಮಿನಿಯಂ ಒತ್ತುಗ. ಎಲ್ಲರ ಮನೆಯಲ್ಲೂ ಇರುತ್ತೆ, ಇಕ್ಕಳದ ತರಹದ್ದು. ಈ ಜಾತಿಯ ಉಪಕರಣ ಹಳೆಯದು. ಅಮೆರಿಕದಲ್ಲಿ ಜಾನ್ ಥಾಮಸ್ ವೈಟ್ ಎಂಬ ಕಪ್ಪು ಜನಾಂಗದ ಸಂಶೋಧಕ ನಿಂಬೆ ಹಿಂಡುವ ಸಾಧನಕ್ಕೆ 1896ರಲ್ಲೇ ಪೇಟೆಂಟ್ ಪಡೆದಿದ್ದ. ಅಂದಮೇಲೆ ಇಷ್ಟು ಹೊತ್ತಿಗೆ ಇದು ಪಕ್ಕಾ ಆಗಿರಬೇಕು ಅಂತ ನನ್ನ ನಂಬಿಕೆ. ಅಮ್ಮ ಹಿಡಿದು ನೋಡಿ ವಾಪಸ್ ಕೊಟ್ಟಳು. ನನಗೆ ಅರ್ಥವಾಗಲಿಲ್ಲ. ಸ್ಕೇಲ್ ಇಟ್ಟು ಅಳೆದ ಮೇಲೆ ಅರ್ಥವಾಯಿತು. ಹೋಳು ಇಟ್ಟಾಗ ಎರಡು ಹಿಡಿಗಳ ತುದಿ 12 ಸೆಂ.ಮೀ. ದೂರ ಇರುತ್ತವೆ. ಅವಳ ಪುಟ್ಟ ಕೈ ಅಷ್ಟು ಅಗಲಿಸಿದರೆ ಹಿಡಿತವೇ ಸಿಗಲ್ಲ. ಹತ್ತಿರ ಬಂದಮೇಲೆ ಬಲ ಹಾಕಬಹುದು, ಆದರೆ ಹತ್ತಿರ ತರಬೇಕಾದವರು ಯಾರು? ಗಟ್ಟಿ ಕೈಯಿರುವ ನಾವು ಇದನ್ನು ಗಮನಿಸುವುದೇ ಇಲ್ಲ.

ಅದರ ಬಟ್ಟಲು ಬೇರೆ ದೊಡ್ಡದು. ಹೊರದೇಶದ ದಪ್ಪ ಸಿಪ್ಪೆಯ, ಮೊಟ್ಟೆಯಾಕಾರದ ಹಳದಿ ಲೆಮನ್‌ಗೆ ಹೊಂದುವ ಅಳತೆ. ನಮ್ಮದು ಕಾಗ್ಜಿ ನಿಂಬೆ, ಹೆಸರೇ ಹೇಳುವ ಹಾಗೆ ಕಾಗದದಂಥ ಸಿಪ್ಪೆ. ಅಗಲ 4 ಸೆಂ.ಮೀ. ಇದ್ದರೆ ಹೆಚ್ಚು. ಆ ದೊಡ್ಡ ಬಟ್ಟಲಿನಲ್ಲಿ ಇದು ಪಕ್ಕಕ್ಕೆ ಜಾರಿ ಅರ್ಧಂಬರ್ಧ ಒತ್ತಿಸಿಕೊಳ್ಳುತ್ತೆ. ಎರಡು ತಿಂಗಳಲ್ಲಿ ಮೇಲಿನ ಬಣ್ಣದ ಲೇಪ ಕಿತ್ತು ಒಳಗಿನ ಅಲ್ಯೂಮಿನಿಯಂ ಕಪ್ಪಾಯಿತು. ಹುಳಿಗೂ ಅಲ್ಯೂಮಿನಿಯಂಗೂ ಆಗಲ್ಲ ಅನ್ನುವುದು ಸಾರು ಮಾಡುವವರಿಗೆಲ್ಲ ಗೊತ್ತು.

ಈ ನಡುವೆ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಫ್ರಾನ್ಸಿನ ಫಿಲಿಪ್ ಸ್ಟಾರ್ಕ್ ಇಟಲಿಯ ಅಲೆಸ್ಸಿ ಕಂಪನಿಗೆ ಮಾಡಿಕೊಟ್ಟ ಜ್ಯೂಸಿ ಸಾಲಿಫ್, 1990ರದ್ದು. ಮೂರು ಉದ್ದ ಕಾಲು, ಮೇಲೆ ಗೀರುಗೀರಾದ ತಲೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇದೇನೋ ಇದು, ಜೇಡನಾ?" ಅಂದಳು. ಅದಕ್ಕೆ ಚಿನ್ನದ ಲೇಪದ ಒಂದು ಆವೃತ್ತಿಯೂ ಬಂದಿತ್ತು, ಅದರ ಮೇಲೆ ನಿಂಬೆಹಣ್ಣು ಇಡುವ ಹಾಗಿಲ್ಲ, ಹುಳಿಗೆ ಲೇಪ ಹಾಳಾಗುತ್ತೆ ಅಂತ ಹೇಳಿದೆ. ಅವಳು ನಕ್ಕಿದ್ದು ನೋಡಬೇಕಿತ್ತು.

ನಾನೇ ಮಾಡುತ್ತೇನೆ ಅಂತ ಕೂತೆ. ಇಲ್ಲಿ ನನ್ನ ಕಸುಬಿನ ಅಹಂಕಾರ ಸ್ವಲ್ಪ ಹೊರಬಿತ್ತು ಅಂತ ಈಗ ಅನಿಸುತ್ತೆ. ಮೊದಲು ಎಷ್ಟು ಬಲ ಬೇಕು ಅಂತ ನೋಡಿದೆ. ಮನೆಯಲ್ಲಿ ನಾವು ನಿಂತು ತೂಕ ನೋಡುವ ಯಂತ್ರದ ಮೇಲೆ ಒಂದು ಗಟ್ಟಿ ಬಟ್ಟಲಿಟ್ಟು, ಅದರಲ್ಲಿ ಹೋಳಿಟ್ಟು, ಮೇಲಿಂದ ಮರದ ಗುಂಡಿನಲ್ಲಿ ಒತ್ತಿದೆ. 10 ಕೆ.ಜಿ.ಗೆ ರಸ ಶುರು. 30 ಕೆ.ಜಿ. ಬರುವ ಹೊತ್ತಿಗೆ ಬರಬೇಕಾದದ್ದೆಲ್ಲ ಬಂದಿರುತ್ತೆ. ಅದರಾಚೆ ಒತ್ತಿದರೆ ನಾಲ್ಕು ಹನಿ ಹೆಚ್ಚು ಸಿಗಬಹುದು, ಆದರೆ ಸಿಪ್ಪೆಯ ಎಣ್ಣೆಯೂ ಕಹಿಯೂ ಸೇರಿಕೊಳ್ಳುತ್ತೆ.

30 ಕೆ.ಜಿ. ಅಂತ ಗೊತ್ತಾದ ಮೇಲೆ ನನ್ನ ತಲೆಗೆ ಹೊಳೆದದ್ದು ಪ್ರೆಸ್. ಹಲ್ಲಿನ ಸಲಾಕೆ, ಹಲ್ಲಿನ ಚಕ್ರ, ಪಕ್ಕದಲ್ಲಿ ಒಂದು ಹ್ಯಾಂಡಲ್. ವರ್ಕ್‌ಶಾಪಿನಲ್ಲಿ ಬೇರಿಂಗ್ ಒತ್ತಿ ಕೂರಿಸುವ ಪುಟ್ಟ ಪ್ರೆಸ್ಸಿನ ತಮ್ಮ ಅನ್ನಿ. ಡ್ರಾಯಿಂಗ್ ಬಹಳ ಚೆಂದ ಬಂತು. ಮಾಡಿಸಿದ ಮೇಲೆ ತೂಕ 6 ಕೆ.ಜಿ. ಊರಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದಾಗ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದ.

ಅಮ್ಮ ಅದನ್ನು ಕಟ್ಟೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎತ್ತಿಡಲು ಆಗದೆ ನನ್ನ ಮುಖ ನೋಡಿದಳು. ಅದೂ ಅಲ್ಲದೆ ನಾನು ಒತ್ತುವ ತುದಿಗೆ ಚಪ್ಪಟೆ ತಟ್ಟೆ ಇಟ್ಟಿದ್ದೆ. ಹೋಳು ಅಪ್ಪಚ್ಚಿಯಾಯಿತು, ಸಿಪ್ಪೆ ಹರಿದು ಅದರ ಎಣ್ಣೆ ಎಲ್ಲೆಡೆ ಚಿಮ್ಮಿತು. ಪ್ಯಾಕಿಂಗಿನಲ್ಲಿ ಬಂದ ಥರ್ಮಾಕೋಲ್ ಪಕ್ಕದಲ್ಲೇ ಇತ್ತು, ಅದರ ಮೇಲೆ ಬಿದ್ದ ಕಡೆಯೆಲ್ಲ ಸಣ್ಣ ಸಣ್ಣ ಗುಳಿ. ನಿಂಬೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಎಂಬ ಅಂಶ ಥರ್ಮಾಕೋಲ್ ಅನ್ನು ಕರಗಿಸುತ್ತೆ. ಮಗಳಿಗೆ ಅದೇ ಒಂದು ಆಟ ಸಿಕ್ಕಿತು. ಷರಬತ್ತು ಮಾತ್ರ ನಾಲಿಗೆಗೆ ಒಗರೊಗರು.

"ನೀನು ಹಣ್ಣಿಗೆ ಮಿಷಿನ್ ಮಾಡಿದೀಯ. ನನ್ ಕೈಗೆ ಏನ್ ಮಾಡ್ದೆ?" ಅಂದಳು ಅಮ್ಮ. ಬೈದದ್ದಲ್ಲ, ಸುಮ್ನೆ ಕೇಳಿದ್ದು.

ಆ ಪ್ರೆಸ್ ಈಗಲೂ ಅಟ್ಟದ ಮೇಲಿದೆ. ಅಟ್ಟದ ಮೇಲೆ ಇಡಲು ಹತ್ತಿದಾಗಲೇ ನನಗೆ ಬೇಕಾದದ್ದು ಸಿಕ್ಕಿದ್ದು. ಅಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟ ಅಜ್ಜಿಯ ಮರದ ಶಾವಿಗೆ ಒರಳು ಇತ್ತು. ನೋಡದವರಿಗೆ ಹೇಳುತ್ತೇನೆ. ಕಾಲಿರುವ ಒಂದು ದಪ್ಪ ಮಣೆ, ಅದರಲ್ಲಿ ತೂತಿನ ತಳದ ಒಂದು ಗುಣಿ. ಒಂದು ತುದಿಯಲ್ಲಿ ಕಂಬ, ಆ ಕಂಬಕ್ಕೆ ಸಿಕ್ಕಿಸಿದ ಉದ್ದನೆಯ ತೊಲೆ. ಬೆಂದ ಹಿಟ್ಟಿನ ಮುದ್ದೆ ಗುಣಿಗೆ ಹಾಕಿ ತೊಲೆ ಒತ್ತಿದರೆ ಕೆಳಗೆ ಶಾವಿಗೆ ಇಳಿಯುತ್ತೆ. ಹಿಟ್ಟು ಗಟ್ಟಿಯಾದರೆ ನಮ್ಮಂಥ ಹುಡುಗರನ್ನು ಕರೆದು ತೊಲೆಯ ತುದಿಯಲ್ಲಿ ಕೂರಿಸುತ್ತಿದ್ದರು. ನಾನು ಎಷ್ಟು ಸಲ ಕೂತಿದ್ದೇನೋ! ಅಲ್ಲಿ ಯಾರೂ ಏನನ್ನೂ ಹಿಡಿಯುತ್ತಿರಲಿಲ್ಲ, ತಿರುಚುತ್ತಿರಲಿಲ್ಲ. ಮೈಭಾರ ಹಾಕುತ್ತಿದ್ದರು, ಅಷ್ಟೆ.

ಅಟ್ಟದ ಮೇಲೆಯೇ ಮೊಣಕಾಲೂರಿ ಕೂತು ಟೇಪಿನಲ್ಲಿ ಅಳತೆ ತೆಗೆದುಕೊಂಡೆ.

ಕೀಲಿನಿಂದ ಬಟ್ಟಲಿನ ನಡುವಿಗೆ 6 ಸೆಂ.ಮೀ., ಕೀಲಿನಿಂದ ಒತ್ತುವ ತುದಿಗೆ 27 ಸೆಂ.ಮೀ. ಎಂದು ಇಟ್ಟುಕೊಂಡೆ. ಅಂದರೆ ಹಾಕಿದ ಬಲ ನಾಲ್ಕೂವರೆ ಪಟ್ಟು. ಹಣ್ಣಿನ ಮೇಲೆ 30 ಕೆ.ಜಿ. ಬೀಳಬೇಕಾದರೆ ಅಂಗೈ ಊರಿ 7 ಕೆ.ಜಿ.ಯಷ್ಟು ಒತ್ತಿದರೆ ಸಾಕು. ಹಿಡಿಯನ್ನು ಚಪ್ಪಟೆ ಮಾಡಿದೆ, ಸುತ್ತ ಹಿಡಿಯುವ ಹಾಗೆ ಅಲ್ಲ. ಅಂಗೈಯಾಗಲಿ, ಮುಂಗೈಯಾಗಲಿ, ಬೇಕಾದರೆ ಮೊಣಕೈಯಾಗಲಿ ಊರಬಹುದು. ಹೆಬ್ಬೆರಳಿಗೆ ಕೆಲಸವೇ ಇಲ್ಲ.

ಮೊದಲನೆಯದನ್ನು ಮನೆಯಲ್ಲಿದ್ದ ತೇಗದ ತುಂಡುಗಳಲ್ಲಿ ಮಾಡಿದೆ. ಮೂರನೇ ಹೋಳಿಗೆ ಫಟ್ ಅಂತ ಕಂಬ ಸೀಳಿತು. ಇದು ನಾಚಿಕೆಗೇಡಿನ ತಪ್ಪು, ಹೇಳಿಬಿಡುತ್ತೇನೆ. ಇಂಥ ತೊಲೆಯಲ್ಲಿ ನಾವು ಕೆಳಗೆ ಒತ್ತುತ್ತೇವೆ, ಆದರೆ ಕೀಲಿನ ಕಡೆ ಬಲ ಮೇಲಕ್ಕೆ ಎಳೆಯುತ್ತೆ. ಹಣ್ಣು 30 ಕೆ.ಜಿ. ಮೇಲಕ್ಕೆ ನೂಕುತ್ತಿದೆ, ನಾನು 7 ಕೆ.ಜಿ. ಕೆಳಕ್ಕೆ ಒತ್ತುತ್ತಿದ್ದೇನೆ, ಉಳಿದ 23 ಕೆ.ಜಿ. ಹಿಡಿದಿಡಬೇಕಾದದ್ದು ಆ ಬಡಪಾಯಿ ಬೋಲ್ಟು. ನಾನು ಬೋಲ್ಟಿನ ತೂತನ್ನು ಕಂಬದ ತಲೆಗೆ ಬರೀ 1 ಸೆಂ.ಮೀ. ಬಿಟ್ಟು ಕೊರೆದಿದ್ದೆ. ಮರದ ಎಳೆ ಉದ್ದಕ್ಕೆ ಹೋಗುತ್ತೆ, ಆ ಕಡೆಗೇ ಎಳೆದರೆ ಸೀಳದೆ ಇನ್ನೇನು? ಕಬ್ಬಿಣದಲ್ಲಿ ಕೆಲಸ ಮಾಡಿ ಮಾಡಿ ವಸ್ತುವಿಗೆ ಎಳೆ ಅಂತ ಒಂದು ಇರುತ್ತೆ ಅನ್ನುವುದೇ ಮರೆತುಹೋಗಿತ್ತು. ಅಜ್ಜಿಯ ಒರಳಲ್ಲಿ ತೂತಿನ ಮೇಲೆ ನಾಲ್ಕು ಬೆರಳು ಮರ ಬಿಟ್ಟಿದ್ದರು. ಅಳತೆ ತೆಗೆದುಕೊಳ್ಳುವಾಗ, ಸುಮ್ಮನೆ ಮರ ದಂಡ ಅಂತ ನಾನೇ ಅದನ್ನು ಕಡಿಮೆ ಮಾಡಿದ್ದೆ.

ಎರಡನೆಯದರಲ್ಲಿ ಕಂಬ ಎತ್ತರವಾಯಿತು, ತೂತು ಕೆಳಗಿಳಿಯಿತು. ಕಂಬವನ್ನು ಗೋಂದಿಗೆ ನಂಬದೆ ಮಣೆಯ ಕೆಳಗಿಂದ ಬೋಲ್ಟ್ ಹಾಕಿ ಬಿಗಿದೆ.

ಬಟ್ಟಲಿಗೆ ಏನು ಮಾಡುವುದು ಅಂತ ಯೋಚಿಸುತ್ತಿದ್ದಾಗ ಹೆಂಡತಿ ಸಾರಿನ ಸೌಟು ತಂದು ಮುಂದಿಟ್ಟಳು. "ರೀ, ಇದರ ಹಿಡಿ ಕತ್ತರಿಸಿದ್ರೆ ಇದೂ ಬಟ್ಟಲೇ ಅಲ್ವಾ?" ಇಪ್ಪತ್ತು ವರ್ಷದ ಡಿಸೈನ್ ಅನುಭವ ಸೌಟಿನ ಮುಂದೆ ತಲೆತಗ್ಗಿಸಿತು. ಪಾತ್ರೆ ಅಂಗಡಿಯಲ್ಲಿ 304 ದರ್ಜೆಯ ಸ್ಟೀಲಿನದ್ದೇ ಬೇಕು ಅಂತ ಕೇಳಿ ತಂದೆವು. ಇದರಲ್ಲಿ ಕ್ರೋಮಿಯಂ 18, ನಿಕ್ಕಲ್ 8 ಪರ್ಸೆಂಟ್ ಆಸುಪಾಸು ಇರುತ್ತೆ, ಹುಳಿ ಉಪ್ಪು ಎರಡಕ್ಕೂ ತಡೆಯುತ್ತೆ. ಒಳ ಅಗಲ ಐದೂವರೆ ಸೆಂ.ಮೀ. ಮಣೆಯ ತೂತನ್ನು 5 ಸೆಂ.ಮೀ.ಗೆ ಕೊರೆದರೆ ಬಟ್ಟಲು ಅದರಲ್ಲಿ ಜಾರದೆ ಕೂರುತ್ತೆ, ತೊಳೆಯುವಾಗ ಎತ್ತಿ ತೆಗೆಯಬಹುದು. ಯಾವ ಸ್ಕ್ರೂವೂ ಬೇಡ.

ಬಟ್ಟಲಿಗೆ ತೂತು ಕೊರೆಯುವುದು ತಲೆನೋವು. ಈ ಸ್ಟೀಲನ್ನು ಜೋರಾಗಿ ಡ್ರಿಲ್ ಮಾಡಿದರೆ ಉಜ್ಜಿದಷ್ಟೂ ಅದು ಇನ್ನೂ ಗಟ್ಟಿಯಾಗಿ ಡ್ರಿಲ್ ಬಿಟ್ಟನ್ನೇ ತಿಂದುಬಿಡುತ್ತೆ. ನಿಧಾನ ವೇಗ, ಎಣ್ಣೆ, ಹಿಂದೆ ಒಂದು ಮರದ ಗುಂಡು ಆಸರೆ. ತೂತಿನ ಅಳತೆಗೆ ಎರಡು ಸೌಟು ಬಲಿ. ಮೊದಲು 4 ಮಿ.ಮೀ. ಕೊರೆದೆ, ರಸ ಬೇಗ ಇಳಿಯಲಿ ಅಂತ. ನಿಂಬೆ ಬೀಜದ ಚೂಪು ತುದಿ ಸರಿಯಾಗಿ ಅದರಲ್ಲಿ ಸಿಕ್ಕಿಕೊಂಡು ಬೆಣೆ ಹೊಡೆದ ಹಾಗೆ ಕೂತುಬಿಡುತ್ತಿತ್ತು. ಹತ್ತು ಹೋಳಿಗೆ ಅರ್ಧ ತೂತುಗಳು ಬಂದ್. 3 ಮಿ.ಮೀ.ಗೆ ಇಳಿಸಿ, ಸಂಖ್ಯೆ ಹೆಚ್ಚು ಮಾಡಿದ ಮೇಲೆ ಬೀಜ ಮೇಲೆಯೇ ನಿಲ್ಲತೊಡಗಿತು.

ಉಳಿದದ್ದು ಒತ್ತುವ ಗುಂಡು. ಇದಕ್ಕೆ ಒಂದು ಶನಿವಾರ ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರು-ಮೈಸೂರು ದಾರಿಯಲ್ಲಿ ಬಣ್ಣದ ಬೊಂಬೆ ತೂಗುಹಾಕಿದ ಅಂಗಡಿಗಳನ್ನು ಎಲ್ಲರೂ ನೋಡಿರುತ್ತಾರೆ. ಬೊಂಬೆ ಹುಟ್ಟುವುದು ಒಳಗಿನ ಬೀದಿಗಳಲ್ಲಿ, ಚಿಕ್ಕ ಚಿಕ್ಕ ಲೇತ್‌ಗಳ ಮುಂದೆ. ಅಲ್ಲಿ ಒಬ್ಬ ವಯಸ್ಸಾದ ಸಾಹೇಬರು ಸಿಕ್ಕರು. ನಾನು ಮಿ.ಮೀ.ಯಲ್ಲಿ ಬರೆದ ಡ್ರಾಯಿಂಗ್ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು, "ಬಟ್ಟಲು ತಂದಿದೀರಾ ಸಾರ್?" ಅಂದರು. ತಂದಿದ್ದೆ.

ಆಲೆ ಮರದ ತುಂಡು ಲೇತಿಗೆ ಹಾಕಿ, ಉಳಿ ಹಿಡಿದು, ನಡುನಡುವೆ ನಿಲ್ಲಿಸಿ ಬಟ್ಟಲಿಗೆ ಇಟ್ಟು ನೋಡುತ್ತಾ ಹತ್ತೇ ನಿಮಿಷದಲ್ಲಿ ಮುಗಿಸಿದರು. ಬೊಂಬೆಗಳಿಗೆ ಬಳಸುವುದೂ ಇದೇ ಮರ, ಬಿಳಿ, ನುಣುಪು, ಕೆತ್ತಲು ಹಗುರ. ಬಣ್ಣದ ಅರಗಿನ ಕಡ್ಡಿ ಎತ್ತಿಕೊಂಡಾಗ ನಾನು ಬೇಡ ಅಂದೆ. ಅರಗು ಸೋಪಿನ ಕ್ಷಾರಕ್ಕೆ, ಬಿಸಿನೀರಿಗೆ ನಿಲ್ಲಲ್ಲ ಅಂತ ಓದಿದ್ದೆ. ಅವರೂ ತಲೆಯಾಡಿಸಿದರು. "ಆಟಕ್ಕೆ ಅರಗು ಸರಿ ಸಾರ್, ದಿನಾ ತೊಳೆಯೋಕಲ್ಲ. ಕೊಬ್ಬರಿ ಎಣ್ಣೆ ಹಚ್ಚಿ." ತಿಪಟೂರಿನವನಿಗೆ ಕೊಬ್ಬರಿ ಎಣ್ಣೆ ಹಚ್ಚಲು ಚನ್ನಪಟ್ಟಣದವರು ಹೇಳಬೇಕಾಯಿತು. 150 ರೂಪಾಯಿ ತೆಗೆದುಕೊಂಡು ಎರಡು ಗುಂಡು ಕೊಟ್ಟರು, ಒಂದು ಸವೆದರೆ ಇನ್ನೊಂದು ಇರಲಿ ಅಂತ.

ಗುಂಡಿಗೂ ಬಟ್ಟಲಿಗೂ ನಡುವೆ ಸುತ್ತ 3 ಮಿ.ಮೀ. ಜಾಗ ಬಿಟ್ಟಿತ್ತು. ಹಿಂಡಿದ ಸಿಪ್ಪೆ ಕೂರಬೇಕಲ್ಲ. ಆದರೂ ಮೊದಲ ಸಲ ಜೋಡಿಸಿ ಒತ್ತಿದಾಗ ಗುಂಡಿನ ಒಂದು ಅಂಚು ಬಟ್ಟಲಿಗೆ ಕಚ್ಚಿಕೊಂಡಿತು. ತೊಲೆ ನೇರ ಕೆಳಗೆ ಇಳಿಯುವುದಿಲ್ಲ, ಕೀಲಿನ ಸುತ್ತ ಬಾಗಿ ಇಳಿಯುತ್ತೆ. ಕೀಲಿಗೆ 6 ಸೆಂ.ಮೀ. ಹತ್ತಿರದಲ್ಲಿ ಆ ಬಾಗು ಚೆನ್ನಾಗೇ ಕಾಣುತ್ತೆ. ಕೀಲು ದೂರ ಇಟ್ಟರೆ ಬಾಗು ಕಡಿಮೆಯಾಗುತ್ತೆ, ಆದರೆ ಬಲದ ಆ ನಾಲ್ಕೂವರೆ ಪಟ್ಟು ಹೋಗುತ್ತೆ, ಇಲ್ಲವೇ ತೊಲೆ ಉದ್ದವಾಗುತ್ತೆ. ಎರಡು ದಿನ ಪೇಪರಿನ ಮೇಲೆ ಗೀಚಿದೆ. ಕೊನೆಗೆ ಗುಂಡನ್ನು ತೊಲೆಗೆ ಬಿಗಿಯದೆ, ಒಂದು ಸ್ಟೀಲ್ ಪಿನ್ನಿನಿಂದ ಸಡಿಲವಾಗಿ ನೇತುಹಾಕಿದೆ. ಗಂಟೆಯ ನಾಲಿಗೆಯ ಹಾಗೆ ತೂಗಾಡುತ್ತೆ. ಬಟ್ಟಲು ಎಲ್ಲಿದೆಯೋ ಅಲ್ಲಿಗೆ ತಾನೇ ನೆಟ್ಟಗಾಗಿ ಇಳಿಯುತ್ತೆ. ಇಡೀ ಉಪಕರಣದಲ್ಲಿ ನಾನು ಸ್ವಂತ ಕಂಡುಕೊಂಡದ್ದು ಅಂತ ಹೇಳಿಕೊಳ್ಳಬಹುದಾದದ್ದು ಇದೊಂದೇ. ಉಳಿದದ್ದು ಅಜ್ಜಿಯದು, ಹೆಂಡತಿಯದು, ಸಾಹೇಬರದು.

ಇನ್ನು ಎತ್ತರದ ಪಂಚಾಯಿತಿ. ಕೆಳಗೆ ಪಾತ್ರೆ ಇಡಬೇಕು ಅಂತ ಮಣೆಗೆ 7 ಸೆಂ.ಮೀ. ಕಾಲು ಕೊಟ್ಟಿದ್ದೆ. ಗ್ರಾನೈಟ್ ಕಟ್ಟೆ, ಮೇಲೆ ಕಾಲು, ಅದರ ಮೇಲೆ ಎತ್ತಿ ನಿಂತ ತೊಲೆ, ಎಲ್ಲ ಸೇರಿ ಹಿಡಿ ಅಮ್ಮನ ಭುಜದ ಹತ್ತಿರ ಬಂತು. ಅವಳು ಐದಡಿ ಇಲ್ಲ. ಭುಜದ ಮಟ್ಟದಲ್ಲಿ ಮೈಭಾರ ಹಾಕಲು ಆಗುತ್ತಾ? ತೋಳಿನ ಬಲವೇ ಬೇಕಾಗುತ್ತೆ. ಕೀಲನ್ನು ಸ್ವಲ್ಪ ಮೇಲೆತ್ತಿ, ಹಣ್ಣು ಇಟ್ಟಾಗ ತೊಲೆ ಹೆಚ್ಚುಕಡಿಮೆ ಅಡ್ಡಲಾಗಿ ನಿಲ್ಲುವ ಹಾಗೆ, ಒತ್ತಿದಾಗ ಕೆಳಕ್ಕೆ ವಾಲುವ ಹಾಗೆ ಮಾಡಿದೆ. ಕಾಲನ್ನು 5 ಸೆಂ.ಮೀ.ಗೆ ಇಳಿಸಿ, ಕೆಳಗೆ ಎತ್ತರದ ಪಾತ್ರೆ ಬೇಡ, ತಟ್ಟೆ ಸಾಕು ಅಂದೆ. ಕಾಲುಗಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದರಿಂದ ಜಾರುವುದೂ ನಿಂತಿತು.

ಹೋಳು ಇಡುವ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೆ ಜಗಳ. ಕೊಯ್ದ ಭಾಗ ಕೆಳಗೆ ಬರಬೇಕು, ತೂತುಗಳ ಕಡೆ. ಸಿಪ್ಪೆಯ ಬೆನ್ನಿನ ಮೇಲೆ ಗುಂಡು ಇಳಿದು ಅದನ್ನು ಒಳಗಿಂದ ಹೊರಗೆ ಮಗುಚುತ್ತೆ. ಆಗಲೇ ರಸ ಪೂರ್ತಿ ಬರುವುದು. ಅಮ್ಮ ಬಟ್ಟಲಿನ ಆಕಾರಕ್ಕೆ ಹೋಳು ಸರಿಯಾಗಿ ಕೂರುತ್ತಲ್ಲ ಅಂತ ಕೊಯ್ದ ಭಾಗ ಮೇಲೆ ಇಡುತ್ತಾಳೆ. ಅವಳೊಬ್ಬಳೇ ಅಲ್ಲ, ಮನೆಗೆ ಬಂದವರಲ್ಲಿ ಹತ್ತಕ್ಕೆ ಎಂಟು ಜನ ಹಾಗೇ ಇಟ್ಟರು. ತಪ್ಪು ಅವರದ್ದಲ್ಲ, ಬಟ್ಟಲಿನ ಆಕಾರವೇ ಹಾಗೆ ಇಡು ಅಂತ ಕರೆಯುತ್ತೆ. ಒಂದು ಸಲ ಮುಖಕ್ಕೆ ರಸ ಚಿಮ್ಮಿದ ಮೇಲೆ ಅಮ್ಮ ತಾನಾಗೇ ತಿರುಗಿಸಿ ಇಟ್ಟಳು. ನಾನು ಬಾಯಿ ಬಿಡಲಿಲ್ಲ.

ಈ ವರ್ಷದ ನವಮಿಗೆ ಹಿಂದಿನ ದಿನವೇ ಊರಿಗೆ ಹೋದೆವು. ಬೆಳಗ್ಗೆ ಐದಕ್ಕೆ ಅಮ್ಮ ಹಣ್ಣು ಕೊಯ್ಯಲು ಕೂತಳು, ಕೊಯ್ಯುವ ಕೆಲಸ ಮಾತ್ರ ಈಗ ಸೊಸೆಯದು ಅಂತ ಒಪ್ಪಿಸಿದೆವು. ಒತ್ತಲು ಅಮ್ಮನೇ ನಿಂತಳು. ಒಂದು ಹೋಳು, ಅಂಗೈ ಊರುವುದು, ಎತ್ತುವುದು, ಸಿಪ್ಪೆ ತೆಗೆಯುವುದು. ನಾನು ಗಡಿಯಾರ ನೋಡುತ್ತಿದ್ದೆ. 120 ಹೋಳಿಗೆ ಇಪ್ಪತ್ತೈದು ನಿಮಿಷ, ನಡುವೆ ಎರಡು ಸಲ ಬಟ್ಟಲು ತೊಳೆದದ್ದೂ ಸೇರಿ. ಕೈಯಲ್ಲಿ ಇದಕ್ಕಿಂತ ಬೇಗ ಆಗುತ್ತಿತ್ತು ಅಂತ ಅವಳು ಹೇಳಿಯೂ ಹೇಳಿದಳು. ರಾತ್ರಿ ಊಟಕ್ಕೆ ಚಮಚ ಕೇಳಲಿಲ್ಲ.

ಅವಳು ಹೊಗಳಿದ್ದು ಬೇರೆಯದನ್ನೇ. ಬುಟ್ಟಿಯಲ್ಲಿ ಬಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. ಎಲ್ಲವೂ ಹರಿಯದೆ, ಹಳದಿ ಮೈ ಒಳಗಾಗಿ, ಬಟ್ಟಲಿನ ಹಾಗೆ ಮಗುಚಿಕೊಂಡಿದ್ದವು. "ನೋಡೋ, ದೀಪಕ್ಕೆ ಮಾಡಿಟ್ಟ ಹಾಗಿದೆ" ಅಂದಳು. ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚುವವರು ರಸ ಹಿಂಡಿ, ಸಿಪ್ಪೆ ಹರಿಯದ ಹಾಗೆ ಉಲ್ಟಾ ಮಾಡಿ, ಅದರಲ್ಲಿ ಎಣ್ಣೆ ಬತ್ತಿ ಇಡುತ್ತಾರೆ. ಉಲ್ಟಾ ಮಾಡುವಾಗ ಎರಡಕ್ಕೊಂದು ಹರಿದೇ ಹೋಗುತ್ತೆ. ನನ್ನ ಡ್ರಾಯಿಂಗಿನಲ್ಲಿ ಅದು ಎಲ್ಲೂ ಇರಲಿಲ್ಲ.

ಹೋದ ಶುಕ್ರವಾರ ಫೋನ್ ಮಾಡಿದಾಗ ಅಮ್ಮ ಹೇಳಿದಳು. ಪಕ್ಕದ ಮನೆಯವರು ಐದು ನಿಂಬೆಹಣ್ಣು ಹಿಡಿದುಕೊಂಡು ಬಂದಿದ್ದರಂತೆ. ರಸ ನೀವೇ ಇಟ್ಕೊಳ್ಳಿ, ನಂಗೆ ಸಿಪ್ಪೆ ಸಾಕು ಅಂದರಂತೆ.